ಬೆರಳಿನಲ್ಲಿ ಎಳೆದ ದಾರಿ

ನಮ್ಮೂರು ಪ್ರಾಸೂರಾದ ತಾಪತ್ರಯ ಒಂದೇ. ಊರಿನೆದುರು ಬೆಟ್ಟ ಕೂತಿದೆ.

ಬೆಟ್ಟದ ಆಚೆ ವಾಲ್ಪುಂತ್. ಅಲ್ಲಿ ಯಾರಾದರೂ ಸೀನಿದರೆ ಇಲ್ಲಿ ನಾವು ‘ದೇವರು ಕಾಪಾಡಲಿ’ ಎನ್ನುತ್ತೇವೆ, ಅಷ್ಟು ಹತ್ತಿರ. ಆದರೆ ಹೋಗಬೇಕೆಂದರೆ ಬೆಟ್ಟ ಸುತ್ತಬೇಕು. ಸೈಕಲ್ಲಿನಲ್ಲಿ ನಾಲ್ಕು ಗಂಟೆ. ಯಾಕೆಂದರೆ ನಡುವಿನ ಕಾಡು, ಕಣಿವೆ, ಬಂಡೆ ಎಲ್ಲ ರಾಷ್ಟ್ರೀಯ ಉದ್ಯಾನ. ನಾವು ಪಾರ್ಕು ಎನ್ನುತ್ತೇವೆ. ಅದರೊಳಗೆ ನಡೆದು ಹೋಗುವವರಿಗೆ ಮಾತ್ರ ಜಾಗ, ಅದೂ ಬಣ್ಣ ಬಳಿದ ಕಲ್ಲುಗಳು ತೋರಿಸುವ ಕಾಲುದಾರಿಯಲ್ಲಿ ಮಾತ್ರ. ದನ ಮೇಯುವಂತಿಲ್ಲ, ನಾಯಿ ಬರುವಂತಿಲ್ಲ, ಹೂ ಕೀಳುವಂತಿಲ್ಲ, ಚಕ್ರ ಉರುಳುವಂತಿಲ್ಲ. ನಮ್ಮ ಅಜ್ಜಂದಿರ ಕಾಲದಿಂದಲೂ ಹೀಗೇ.

ನಾನು ಟುಮಾಶ್. ಊರಿನ ಸೈಕಲ್ ಅಂಗಡಿ ನನ್ನದು. ಹಳೆಯ ಹುಲ್ಲಿನ ಕೊಟ್ಟಿಗೆಯಲ್ಲಿ ಕೂತು ರಿಪೇರಿ ಮಾಡುತ್ತೇನೆ, ಬಾಡಿಗೆಗೂ ಕೊಡುತ್ತೇನೆ. ನಾನು ಬ್ರೇಕ್ ಬಿಗಿದರೆ ಮೇಲಿನಿಂದ ಜಾರುವ ಹಿಮವೂ ಒಂದು ಗಳಿಗೆ ನಿಂತು ಯೋಚಿಸುತ್ತದೆ. ನಾನು ಗಾಳಿ ಹಾಕಿದ ಟೈರು ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರುತ್ತದೆ. ಬೇಕಾದರೆ ಊರಲ್ಲಿ ಕೇಳಿ. ಕೇಳಿದರೆ ನಗುತ್ತಾರೆ, ಅದು ಬೇರೆ ವಿಷಯ. ನನ್ನ ಹೆಂಡತಿ ಮೆಂಜಾ ಮದುವೆಯಾದ ಮೊದಲ ವರ್ಷವೇ ಒಂದು ಲೆಕ್ಕ ಕಂಡುಹಿಡಿದಿದ್ದಳು: “ಇವನು ಏನೇ ಹೇಳ್ಲಿ, ನೂರರಿಂದ ಭಾಗಿಸ್ಬಿಡಿ. ಮಿಕ್ಕಿದ್ದು ನಿಜ.”

ಆ ಲೆಕ್ಕ ಮೂವತ್ತು ವರ್ಷ ತಪ್ಪಿರಲಿಲ್ಲ. ಒಂದೇ ಒಂದು ದಿನ ತಪ್ಪಿತು. ಆ ದಿನದ ಕಥೆ ಇದು.

ಕಳೆದ ಶರತ್ಕಾಲದಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ನಾನೊಂದು ಕೆಲಸ ಮಾಡಿದೆ. ಸೈಕಲ್ ಸವಾರರು ತಾವು ಹೋದ ದಾರಿಯ ಗೆರೆಯನ್ನು ಫೋನಿನ ನಕ್ಷೆಯಲ್ಲಿ ಹಾಕುತ್ತಾರಲ್ಲ, ಹಾಗೆ ನಾನೂ ಒಂದು ಗೆರೆ ಹಾಕಿದೆ. ಪ್ರಾಸೂರಾದಿಂದ ಪಾರ್ಕಿನ ಹೊಟ್ಟೆಯನ್ನೇ ಸೀಳಿಕೊಂಡು ನೇರವಾಗಿ ವಾಲ್ಪುಂತಿಗೆ. ‘ಟುಮಾಶನ ರಾಜಬೀದಿ’ ಎಂದು ಹೆಸರಿಟ್ಟೆ. ಕೆಳಗೆ ಹೀಗೆ ಬರೆದೆ: ‘ಬೆಣ್ಣೆಯಂಥ ದಾರಿ. ಮಂಚದಷ್ಟು ಅಗಲ. ನಲವತ್ತು ನಿಮಿಷ. ಕಣ್ಣು ಮುಚ್ಚಿಕೊಂಡು ನೂರು ಸಲ ದಾಟಿದ್ದೇನೆ.’

ಜೂನ್ ತಿಂಗಳಲ್ಲಿ ಗುದೆಂಚ್ ಅಂಗಡಿಗೆ ಬಂದ. ಅವನು ಪಾರ್ಕಿನ ಕಾವಲುಗಾರ. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು. ದಿನಕ್ಕೆ ಒಂಬತ್ತು ಮಾತಾಡುತ್ತಾನೆ, ಹತ್ತನೆಯದನ್ನು ನಾಳೆಗೆ ಇಟ್ಟುಕೊಳ್ಳುತ್ತಾನೆ.

“ಟುಮಾಶ್, ಆ ಗೆರೆ ಅಳಿಸು,” ಅಂದ.

“ಯಾವ ಗೆರೆ?”

“ರಾಜಬೀದಿ.”

“ಓಹೋ! ಕಾವಲುಗಾರರೂ ಓದಿದ್ರಾ? ಹೇಗಿದೆ ಬರವಣಿಗೆ?”

ಅವನು ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯತೊಡಗಿದ. “ಮೊನ್ನೆ ಇಬ್ಬರು ಸೈಕಲ್ ತಂದಿದ್ರು. ಪಾರ್ಕಿನ ಗಡಿ ಫಲಕದ ಹತ್ರ ಹಿಡಿದೆ. ನಿನ್ನ ಗೆರೆ ತೋರಿಸಿದ್ರು.”

“ಹೋಗ್ಲಿ ಬಿಡೋ ಮಾರಾಯಾ. ಒಂದು ಚಕ್ರ ಉರುಳಿದ್ರೆ ನಿನ್ನ ಬೆಟ್ಟ ಸವೆದುಹೋಗುತ್ತಾ? ಹಿಮ ಕುಸಿದ್ರೆ ಸವೆಯಲ್ಲ, ಗುಡುಗು ಬಡಿದ್ರೆ ಸವೆಯಲ್ಲ, ನನ್ನ ಟೈರಿಗೆ ಸವೀತದಾ?”

“ಬೆಟ್ಟದ ಚಿಂತೆ ಅಲ್ಲ. ಈಗ ಕಾಡುಮೇಕೆ ಮರಿ ಹಾಕಿರೋ ಕಾಲ. ನಡ್ಕೊಂಡು ಬರೋರನ್ನ ತಾಯಿ ದೂರದಿಂದಲೇ ನೋಡ್ತದೆ. ದಿನಾ ಅದೇ ದಾರೀಲಿ ಬರ್ತಾರೆ ಅಂತ ಅದಕ್ಕೂ ಗೊತ್ತು. ಚಕ್ರ ಹಾಗಲ್ಲ. ಸದ್ದಿಲ್ದೆ ತಿರುವಿನಲ್ಲಿ ಧುತ್ತಂತ ಬರ್ತದೆ. ತಾಯಿ ಓಡ್ತದೆ. ಮರಿ ಅದರ ಹಿಂದೆ ಸಡಿಲಗಲ್ಲಿಗೆ ಬೀಳ್ತದೆ. ಕಲ್ಲು ಕೆಳಗೆ ಉರುಳ್ತದೆ. ಕೆಳಗೆ ಯಾರಿದ್ದಾರೋ ಅವರ ತಲೆ ಮೇಲೆ.”

ಗುದೆಂಚ್ ಇಷ್ಟು ಮಾತಾಡಿದ್ದನ್ನು ನಾನು ಅವನ ಮದುವೆಯಲ್ಲೂ ಕೇಳಿರಲಿಲ್ಲ. ಸುಮ್ಮನಾಗಬೇಕಿತ್ತು. ಆದರೆ ನಾನು ಟುಮಾಶ್.

“ನನ್ನ ಸೈಕಲ್ ಕಂಡ್ರೆ ನಿನ್ನ ಕಾಡುಮೇಕೆಗಳು ಸಾಲಾಗಿ ನಿಂತು ಸಲಾಮು ಹೊಡೀತವೆ ಕಣೋ,” ಅಂದೆ.

ಅವನು ಎದ್ದ. ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿದ. “ನೀನು ನಿಜವಾಗ್ಲೂ ಆ ದಾರಿ ದಾಟಿದ್ದೀಯಾ?”

“ನೂರು ಸಲ!” ಅಂದೆ.

ಒಳಗೆ ಅಡುಗೆಮನೆಯಲ್ಲಿ ಮೆಂಜಾ ಹಿಟ್ಟು ನಾದುತ್ತಿದ್ದಳು. ಕಿಟಕಿ ತೆರೆದಿತ್ತು. ಅವಳಿಗೆ ಕೇಳಿಸಿತ್ತು.

*

ಜುಲೈ ಎರಡನೆಯ ವಾರ ವಾಲ್ಪುಂತಿನಲ್ಲಿ ಮೆಂಜಾಳ ಅಕ್ಕ ಬ್ರಾಯ್ಡಾಗೆ ಅರವತ್ತು ತುಂಬಿತು. ಅಕ್ರೋಟು ತುಂಬಿದ ಕೇಕು ಮಾಡಿ ಬಟ್ಟೆಯಲ್ಲಿ ಸುತ್ತಿ ಬೆನ್ನಿನ ಚೀಲದಲ್ಲಿಟ್ಟು ಮೆಂಜಾ ಹೊರಟಳು. ಹೋಗುವಾಗ ಹತ್ತೂವರೆಯ ಹಳದಿ ಬಸ್ಸು. ಅದರ ಬೆನ್ನಿಗೆ ಸೈಕಲ್ ನೇತುಹಾಕುವ ಕೊಕ್ಕೆಗಳಿವೆ. ಮರುದಿನ ಬರುವಾಗ ಸುತ್ತುದಾರಿಯಲ್ಲಿ ಸೈಕಲ್ಲು. ಇದು ಅವಳ ಯೋಜನೆ. ಅವಳದು ಬ್ಯಾಟರಿಯ ಸೈಕಲ್, ಇಪ್ಪತ್ನಾಲ್ಕು ಕಿಲೋ ತೂಕ. ಅದರ ಹ್ಯಾಂಡಲ್ಲಿಗೆ ಅವಳ ಅಪ್ಪನ ಮೇಕೆಯ ಕೊರಳಲ್ಲಿದ್ದ ಚಿಕ್ಕ ಗಂಟೆಯನ್ನು ನಾನೇ ಕಟ್ಟಿದ್ದೆ. ನಮ್ಮಲ್ಲಿ ಹಾಗೆ ಕಟ್ಟುವುದುಂಟು. ಚಕ್ರ ಕುಲುಕಿದಾಗ ಗಂಟೆ ಆಡುತ್ತದೆ, ಮುಂದೆ ನಡೆಯುವವರಿಗೆ ಬೆದರಿಕೆಯಾಗದೆ ತಿಳಿಯುತ್ತದೆ.

“ಹಿಂದಿನ ಟೈರಿಗೆ ಸ್ವಲ್ಪ ಗಾಳಿ ಹಾಕ್ತೀಯಾ? ಬಸ್ಸಿಗೆ ಹತ್ತೇ ನಿಮಿಷ ಇದೆ,” ಅಂದಳು.

ಪಂಪು ಹಿಡಿದೆ. ಆಗಲೇ ಪೇಟೆಯಿಂದ ಬಂದ ಗಿರಾಕಿಯೊಬ್ಬ “ನೀವೇನಾ ರಾಜಬೀದಿಯವರು?” ಎಂದು ಕೇಳಬೇಕೆ! ಪಂಪು ಕೆಳಗಿಟ್ಟೆ. ರಾಜಬೀದಿಯ ಕಥೆ ಶುರು ಮಾಡಿದೆ. ಬಸ್ಸಿನ ಮೂರು ಸ್ವರದ ಹಾರನ್ನು ಚರ್ಚಿನ ಬಳಿ ಕೇಳಿಸಿತು, ತಿರುವಿನಲ್ಲಿ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಮೆಂಜಾ ನನ್ನನ್ನು ನೋಡಿದಳು. ತಾನೇ ಗಾಳಿ ಹಾಕಿಕೊಂಡಳು.

ನಾನು ಗಿರಾಕಿಯನ್ನು ಕಳಿಸಿ ಒಳಗೆ ಬರುವಾಗ ಹನ್ನೆರಡು. ಮೇಜಿನ ಮೇಲೆ ಚೀಟಿ ಇತ್ತು. ‘ಮುಂದಿನ ಬಸ್ಸು ಸಂಜೆಗೆ. ಮಧ್ಯಾಹ್ನ ಎರಡರ ಮೇಲೆ ಗುಡುಗು ಮಳೆ ಅಂತ ರೇಡಿಯೋದಲ್ಲಿ ಹೇಳಿದ್ದಾರೆ. ಸುತ್ತು ಹಾಕಿದರೆ ದಾರಿಯಲ್ಲೇ ಸಿಕ್ಕಿಕೊಳ್ಳುತ್ತೇನೆ. ನಿನ್ನ ದಾರಿ ಹಿಡಿದಿದ್ದೇನೆ. ಗುದೆಂಚ್‌ಗೆ ಹೇಳಬೇಡ. ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ.’

ಚೀಟಿಯನ್ನು ಮೂರು ಸಲ ಓದಿದೆ.

ಯಾಕೆಂದು ನಿಮಗೀಗ ಹೇಳಿಬಿಡುತ್ತೇನೆ. ಊರಿಗೆ ಹೇಳಲು ನನಗೆ ಎರಡೂವರೆ ಗಂಟೆ ಹಿಡಿಯಿತು. ಆ ದಾರಿಯನ್ನು ನಾನು ನೂರು ಸಲ ದಾಟಿರಲಿಲ್ಲ. ಒಂದು ಸಲವೂ ದಾಟಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಯಾರೂ ಇಲ್ಲದ ಹೊತ್ತು ನೋಡಿ, ಕಳ್ಳನ ಹಾಗೆ ಹೋಗಿದ್ದೆ. ಅರ್ಧಕ್ಕರ್ಧ ಸೈಕಲ್ ಹೊತ್ತುಕೊಂಡು, ಕರಿ ಕೊರಕಲಿನ ತನಕ. ಅಲ್ಲಿ ಬೆಟ್ಟ ಬಾಯಿ ತೆರೆದ ಹಾಗೆ ಕುಸಿದಿದೆ, ಸಡಿಲಗಲ್ಲು ಮೇಲಿನಿಂದ ಕೆಳಗಿನವರೆಗೆ ಹರಿದು ನಿಂತಿದೆ. ಕಾಲಿಡುವ ಧೈರ್ಯವಾಗಲಿಲ್ಲ. ವಾಪಸ್ಸು ಬಂದೆ. ಕೊರಕಲಿನ ಆಚೆ ಏನಿದೆಯೋ ನನಗೆ ಗೊತ್ತಿಲ್ಲ. ನಕ್ಷೆಯಲ್ಲಿ ಮುಂದಿನ ಗೆರೆಯನ್ನು ಸೋಫಾದ ಮೇಲೆ ಕೂತು, ಚೀಸು ತಿಂದ ಕೈಯಲ್ಲಿ, ಬೆರಳಿನಿಂದ ಎಳೆದಿದ್ದೆ.

ಮೆಂಜಾ ಆ ಗೆರೆಯ ಮೇಲೆ ಹೋಗಿದ್ದಳು.

ಫೋನ್ ಮಾಡಿದೆ. ಸಿಗಲಿಲ್ಲ. ಪಾರ್ಕಿನ ಒಳಗೆ ಸಿಗ್ನಲ್ ಎಲ್ಲಿದೆ? ಮತ್ತೆ ಮಾಡಿದೆ. ಒಂದು ಗಂಟೆಯಲ್ಲಿ ಸಾವಿರ ಸಲ ಮಾಡಿದೆ. ಇಲ್ಲ, ಸಾವಿರವಲ್ಲ. ಹದಿನೇಳು ಸಲ. ಆ ದಿನದ ಲೆಕ್ಕಗಳೆಲ್ಲ ನನಗೆ ಸರಿಯಾಗಿ ನೆನಪಿವೆ.

ಬಾಗಿಲಲ್ಲಿ ನಿಂತೆ. ಎದುರುಮನೆಯ ನೆಸಾ ದೊಡ್ಡಮ್ಮ ಬೆಂಚಿನ ಮೇಲೆ ಬಟಾಣಿ ಸುಲಿಯುತ್ತಿದ್ದಳು. ಎಂಬತ್ತೆರಡು ವರ್ಷ. ಅವಳ ಕಿವಿಗೆ ಕೇಳಿಸದ್ದು ಊರಲ್ಲಿ ನಡೆದೇ ಇಲ್ಲ ಎಂದು ಅರ್ಥ.

“ಏನೋ ಟುಮಾಶ್, ಇವತ್ತು ಬಾಯಿ ಮುಚ್ಚಿದೆ? ಹಲ್ಲು ನೋವಾ?”

“ಏನಿಲ್ಲ ದೊಡ್ಡಮ್ಮಾ.”

“ಮೆಂಜಾ ಕಾಡಿನ ಕಡೆ ಹೋದ್ಳು. ಅಕ್ಕನ ಮನೆ ಆ ಕಡೆಯಾ ಇರೋದು?”

“ಗಾಳಿ ಕುಡಿಯಕ್ಕೆ ಹೋಗಿರಬೇಕು.”

“ಕೇಕು ಕಟ್ಕೊಂಡು ಗಾಳಿ ಕುಡಿಯಕ್ಕಾ?” ಅಂದಳು. ಬಟಾಣಿ ಸುಲಿಯುವ ಬೆರಳು ನಿಂತಿತು.

ಒಂದೂವರೆಗೆ ಬೆಟ್ಟದ ತುದಿ ಕಾಣಲಿಲ್ಲ. ಮೋಡ ಕೆಳಗೆ ಇಳಿಯುತ್ತಿತ್ತು. ಮಂಜು ಮೊದಲು ಬಂಡೆಯನ್ನು ನುಂಗಿತು, ಆಮೇಲೆ ಮರಗಳನ್ನು ಒಂದೊಂದಾಗಿ. ಎರಡು ಗಂಟೆಗೆ ಫೋನ್ ಬಡಿದುಕೊಂಡಿತು. ಹಾರಿ ಎತ್ತಿಕೊಂಡೆ. ಬ್ರಾಯ್ಡಾ.

“ಟುಮಾಶ್, ಮೆಂಜಾ ಎಲ್ಲಿ? ಬಸ್ಸಲ್ಲಿ ಬರ್ತೀನಿ ಅಂದಿದ್ಳು. ಬಸ್ಸು ಬಂತು, ಹೋಯ್ತು. ಕಾಫಿ ತಣ್ಣಗಾಯ್ತು.”

“ಬರ್ತಾಳೆ, ಬರ್ತಾಳೆ.”

“ಯಾವ ದಾರೀಲಿ?”

ನಾನು ಫೋನ್ ಇಟ್ಟೆ. ಜೀವಮಾನದಲ್ಲಿ ಮಾತಿಗೆ ಮಾತು ಸಿಗದೆ ಫೋನ್ ಇಟ್ಟಿದ್ದು ಅದೇ ಮೊದಲು.

*

ಗುದೆಂಚ್‌ನ ಮನೆಗೆ ಓಡಿದೆ. ಚೀಟಿ ಕೊಟ್ಟೆ. ಅವನು ಓದಿದ, ಗಡಿಯಾರ ನೋಡಿದ, ಮಂಜು ನೋಡಿದ, ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದ. ಹೆಲಿಕಾಪ್ಟರ್ ಈ ಮಂಜಿನಲ್ಲಿ ಹಾರುವುದಿಲ್ಲ ಎಂದು ಫೋನಿನ ಆ ತುದಿಯವರು ಹೇಳಿದ್ದು ನನಗೂ ಕೇಳಿಸಿತು. ಐದು ನಿಮಿಷದಲ್ಲಿ ಊರಿನ ರಕ್ಷಣಾ ತಂಡದ ನಾಲ್ವರು ಹಗ್ಗ, ಹೆಲ್ಮೆಟ್ ಹಿಡಿದು ಊರ ನಡುವಿನ ಕಾರಂಜಿಯ ಮುಂದೆ ನಿಂತರು. ಗುದೆಂಚ್ ಫೋನಿನಲ್ಲಿ ನನ್ನ ಗೆರೆಯನ್ನು ದೊಡ್ಡದು ಮಾಡಿ ನೋಡಿದ. ಬಣ್ಣದ ಕಲ್ಲಿಲ್ಲದ ಆ ಬದಿಗೆ ಕಾವಲುಗಾರರೂ ಕಾಲಿಡುವುದಿಲ್ಲ, ಎದುರು ಗುಡ್ಡದಿಂದ ದುರ್ಬೀನಿನಲ್ಲಿ ನೋಡುತ್ತಾರೆ ಅಷ್ಟೇ.

“ಹನ್ನೊಂದಕ್ಕೆ ಹೊರಟ್ಳು ಅಂತ ದೊಡ್ಡಮ್ಮ ಹೇಳ್ತಾಳೆ. ದಾರಿ ಮಂಚದಷ್ಟು ಅಗಲ, ಒಟ್ಟು ನಲವತ್ತು ನಿಮಿಷ. ನಾಲ್ಕು ಪಟ್ಟು ಹಿಡಿದ್ರೂ ಮಂಜು ಇಳಿಯೋ ಮೊದಲೇ ಕೊರಕಲು ದಾಟಿರ್ತಾಳೆ. ಮಂಜು ಇಳಿದಾಗ ವಾಲ್ಪುಂತ್ ಕಡೆಯ ಇಳಿಜಾರಿನಲ್ಲಿ ಎಲ್ಲೋ ಇದ್ದಾಳೆ. ಜೀಪಲ್ಲಿ ಸುತ್ತು ಹಾಕಿ ಆ ಕಡೆಯಿಂದ ಹತ್ತೋಣ,” ಅಂದ. ನನ್ನ ಕಡೆ ತಿರುಗಿದ. “ಸರಿ ತಾನೆ?”

ಎಲ್ಲರೂ ನನ್ನನ್ನೇ ನೋಡಿದರು. ನೆಸಾ ದೊಡ್ಡಮ್ಮ, ಬೇಕರಿಯವನು, ಚರ್ಚಿನ ಗಂಟೆ ಹೊಡೆಯುವವನು. ಇವರೆಲ್ಲರ ಎದುರಿಗೆ ನಾನು ಆ ರಾಜಬೀದಿಯನ್ನು ಒಂದು ಚಳಿಗಾಲ ಪೂರ್ತಿ ಓಡಿಸಿದ್ದೆ.

“ಹ್ಞೂಂ,” ಅಂದೆ.

ಜೀಪು ಹೊರಟಿತು. ಇಪ್ಪತ್ತು ಹೆಜ್ಜೆ ಹೋಯಿತು. ಸುತ್ತಿ ಆ ಕಡೆ ಮುಟ್ಟಲು ಒಂದೂವರೆ ಗಂಟೆ. ಅಷ್ಟರಲ್ಲಿ ಗುಡುಗು ಬರುತ್ತದೆ. ಕೊರಕಲಿನ ಈ ಕಡೆ ಅವಳನ್ನು ಹುಡುಕುವವರು ಯಾರೂ ಇರುವುದಿಲ್ಲ.

ನಾನು ಹೇಗೆ ಓಡಿದೆನೋ. ಜೀಪಿನ ಮುಂದೆ ಅಡ್ಡ ನಿಂತು ಬಾನೆಟ್ಟಿಗೆ ಎರಡೂ ಕೈಯಲ್ಲಿ ಬಡಿದೆ.

“ನಿಲ್ಲಿಸ್ರೋ! ಆ ಕಡೆ ದಾರಿ ಇಲ್ಲ!”

ಗುದೆಂಚ್ ಇಳಿದ. “ಇಲ್ಲ ಅಂದ್ರೆ?”

“ನಾನು ಹೋಗಿದ್ದು ಕೊರಕಲಿನ ತನಕ. ಒಂದೇ ಸಲ. ಅಲ್ಲಿಂದ ವಾಪಸ್ ಬಂದೆ.”

“ಮಿಕ್ಕ ಗೆರೆ?”

“ಬೆರಳಲ್ಲಿ ಎಳೆದೆ.”

“ದಾರಿ ಅಗಲ?”

“ಎರಡು ಗೇಣು. ಕೆಲವು ಕಡೆ ಅದೂ ಇಲ್ಲ.”

“ಕೊರಕಲಿಗೆ ಎಷ್ಟು ಹೊತ್ತು? ಸರಿಯಾಗಿ ಹೇಳು ಟುಮಾಶ್.”

“ಸೈಕಲ್ ತಳ್ಕೊಂಡು ಎರಡು ಗಂಟೆ. ನಡೆದ್ರೆ ಒಂದೂವರೆ.”

ಯಾರೂ ನಗಲಿಲ್ಲ. ನೆಸಾ ದೊಡ್ಡಮ್ಮ ಬಾಯಿ ತೆರೆದಳು. ಈಗ ನನ್ನ ಏಳು ತಲೆಮಾರನ್ನೂ ಕಾರಂಜಿಯಲ್ಲಿ ಅದ್ದಿ ತೆಗೆಯುತ್ತಾಳೆ ಎಂದುಕೊಂಡೆ. ಅವಳು ತನ್ನ ಉಣ್ಣೆಯ ಶಾಲು ಬಿಚ್ಚಿ ನನ್ನ ಕೈಗಿಟ್ಟಳು. “ಅವಳಿಗೆ ಹೊದಿಸು,” ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಇಬ್ಬರು ಜೀಪಿನಲ್ಲಿ ಆ ಕಡೆಗೆ ಹೋದರು. ಗುದೆಂಚ್, ಇನ್ನಿಬ್ಬರು ಮತ್ತು ನಾನು ಕಾಡು ಹತ್ತಿದೆವು. ಗಡಿ ಫಲಕದ ಬಳಿ ಒದ್ದೆ ಮಣ್ಣಿನಲ್ಲಿ ಅವಳ ಟೈರಿನ ಗುರುತು. ಹಳೆಯ ಕುರುಬರ ದಾರಿಯಲ್ಲಿ ಆ ಗುರುತು ಸ್ವಲ್ಪ ದೂರ ನೇರ ಹೋಯಿತು. ಆಮೇಲೆ ಪಕ್ಕದಲ್ಲಿ ಬೂಟಿನ ಗುರುತೂ ಸೇರಿತು. ಇಳಿದು ತಳ್ಳಿದ್ದಾಳೆ. ಇನ್ನೂ ಮುಂದೆ ಬೂಟಿನ ಗುರುತು ಒಂದೇ, ಆಳವಾಗಿ. ಹೊತ್ತಿದ್ದಾಳೆ. ನನ್ನ ‘ಬೆಣ್ಣೆಯಂಥ ದಾರಿ’ಯಲ್ಲಿ ಇಪ್ಪತ್ನಾಲ್ಕು ಕಿಲೋ ಹೊತ್ತಿದ್ದಾಳೆ. ಇನ್ನೊಂದು ತಿರುವು ದಾಟಿದರೆ ರಾಜಬೀದಿ ಸಿಗುತ್ತದೆ ಎಂದು ನಂಬಿಕೊಂಡು.

ನನಗೆ ಕೂಗಬೇಕೆನಿಸಿತು. ಬಾಯಿ ತೆರೆದೆ. ಗುದೆಂಚ್ ನನ್ನ ತೋಳು ಹಿಡಿದ.

“ಕೂಗ್ಬೇಡ.”

“ಅವಳಿಗೆ ಕೇಳಿಸ್ಬೇಕಲ್ಲೋ!”

“ಅವಳಿಗಿಂತ ಮೊದಲು ಮೇಕೆಗಳಿಗೆ ಕೇಳಿಸ್ತದೆ. ಕೊರಕಲಿನ ಮೇಲುಗಡೆ ಹುಲ್ಲಿನ ಅಂಚಿದೆ. ಮರಿ ಹಾಕಿದ ಹದಿನಾಲ್ಕು ತಾಯಂದಿರು ಅಲ್ಲೇ ಮೇಯ್ತವೆ. ಬೆದರಿ ಓಡಿದ್ರೆ ಕಲ್ಲೆಲ್ಲ ಕೊರಕಲಿಗೆ. ಅವಳು ಕೊರಕಲಲ್ಲಿದ್ರೆ? ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು.”

ಈ ಬಾಯಿಯಿಂದ ನಾನು ಗಿರಾಕಿಗಳನ್ನು ಕರೆದಿದ್ದೇನೆ, ಮದುವೆ ಕುದುರಿಸಿದ್ದೇನೆ, ಸತ್ತವರ ಮನೆಯಲ್ಲೂ ನಗಿಸಿದ್ದೇನೆ. ಹೆಂಡತಿ ಮಂಜಿನಲ್ಲಿ ಎಲ್ಲೋ ಇರುವಾಗ ಅದನ್ನು ಮುಚ್ಚಿಕೊಂಡು ನಡೆಯುವುದು ಬೆಟ್ಟವನ್ನು ಬೆನ್ನ ಮೇಲೆ ಹೊತ್ತಂತಿತ್ತು. ನೆಸಾ ದೊಡ್ಡಮ್ಮನ ಶಾಲನ್ನು ಬಾಯಿಗೆ ಒತ್ತಿಕೊಂಡೆ.

ಕೊರಕಲು ಬಂತೆಂದು ತಿಳಿದದ್ದು ತಣ್ಣನೆಯ ಗಾಳಿಯಿಂದ. ಕಣ್ಣಿಗೆ ಏನೂ ಇಲ್ಲ, ಬೂದಿ ಬಣ್ಣದ ಮಂಜು ಅಷ್ಟೇ. ಬೂಟಿನ ಗುರುತು ಅಂಚಿಗೆ ಹೋಗಿ ನಿಂತಿತ್ತು. ಮುಂದಿರಲಿಲ್ಲ. ಅಂಚಿನ ಹುಲ್ಲು ಕಿತ್ತುಹೋಗಿತ್ತು.

ಗುದೆಂಚ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ನಾಲ್ವರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ಎಲ್ಲೋ ನೀರು. ದೂರದಲ್ಲಿ ಮೊದಲ ಗುಡುಗು. ಮತ್ತೆ ನೀರು.

ಟಿಣ್.

ಯಾರೂ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ, ಇನ್ನೊಮ್ಮೆ. ಟಿಣ್.

ಮೇಕೆಯ ಗಂಟೆ. ಪಾರ್ಕಿನಲ್ಲಿ ಸಾಕಿದ ಮೇಕೆ ಮೇಯದೆ ನೂರು ವರ್ಷವಾಯಿತು. ಕಾಡುಮೇಕೆಯ ಕೊರಳಿಗೆ ಗಂಟೆ ಕಟ್ಟಿದವರು ಯಾರೂ ಇಲ್ಲ. ಆ ಗಂಟೆ ಇಡೀ ಬೆಟ್ಟದಲ್ಲಿ ಒಂದೇ ಕಡೆ ಇರಲು ಸಾಧ್ಯ, ನಾನು ಕಟ್ಟಿದ ಹ್ಯಾಂಡಲ್ಲಿನಲ್ಲಿ.

“ಕೆಳಗೆ,” ಅಂದ ಗುದೆಂಚ್. “ಮೂವತ್ತು ಹೆಜ್ಜೆ. ಬದುಕಿದ್ದಾಳೆ.”

ಹಗ್ಗವನ್ನು ಬಂಡೆಗೆ ಸುತ್ತಿದೆವು. ಒಂದು ತುದಿ ಗುದೆಂಚ್‌ನ ಸೊಂಟಕ್ಕೆ, ಇನ್ನೊಂದು ನಮ್ಮ ಮೂವರ ಕೈಗೆ. ಅವನು ಒಂದೊಂದೇ ಹೆಜ್ಜೆ ಇಳಿದು ಮಂಜಿನೊಳಗೆ ಮಾಯವಾದ. ಆಗ ಗಾಳಿ ಬೀಸಿ ಮೇಲುಗಡೆ ಮಂಜು ಒಂದಿಷ್ಟು ಹರಿಯಿತು. ನಾನು ತಲೆಯೆತ್ತಿದೆ. ಹುಲ್ಲಿನ ಅಂಚಿನ ಮೇಲೆ ತಾಯಿಯೊಂದು ನಿಂತಿತ್ತು. ಹೊಟ್ಟೆಯ ಕೆಳಗೆ ಮರಿ. ತಾಯಿ ನನ್ನನ್ನೇ ನೋಡುತ್ತಿತ್ತು.

ಒಂದು ಕಾಲು ನೆಲಕ್ಕೆ ಕುಟ್ಟಿತು. ಒಂದು ಕಲ್ಲು ಕಿತ್ತು ಕೆಳಗೆ ಹೋಯಿತು. ಟಕ್, ಟಕ್, ಟಕ್. ಮಂಜಿನೊಳಗೆ ಎಲ್ಲಿಗೆ ಬಿತ್ತೋ ಕಾಣಲಿಲ್ಲ. ಕೆಳಗಿನಿಂದ ಸದ್ದಿಲ್ಲ.

ನಾನು ಕಲ್ಲಾದೆ. ಕೈಯಲ್ಲಿ ಹಗ್ಗ ಕೊಯ್ಯುತ್ತಿತ್ತು, ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅದು ಓಡಿದರೆ ಉಳಿದ ಹದಿಮೂರೂ ಓಡುತ್ತವೆ. ‘ನಿನ್ನ ಮರಿಗೆ ನಾನೇನೂ ಮಾಡಲ್ಲಮ್ಮಾ, ನೀನು ನನ್ನವಳಿಗೆ ಏನೂ ಮಾಡಬೇಡ’ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸಲಾಮು ಹೊಡೆಯಬೇಕಾದವರು ಯಾರು ಎಂದು ಆಗ ತಿಳಿಯಿತು. ಎಷ್ಟು ಹೊತ್ತು ಹಾಗೆ ನಿಂತೆವೋ. ತಾಯಿ ಮೂಗಿನಿಂದ ಒಮ್ಮೆ ಉಸಿರು ಚೆಲ್ಲಿ, ತಲೆ ತಗ್ಗಿಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಹಗ್ಗ ಎರಡು ಸಲ ಜಗ್ಗಿತು. ಎತ್ತಿರಿ ಎಂದು ಅರ್ಥ. ಎಳೆದೆವು. ಮೊದಲು ಕಂಡದ್ದು ಮೆಂಜಾಳ ಕೆಂಪು ಹೆಲ್ಮೆಟ್, ಅದರ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೀಳು. ಆಮೇಲೆ ಮುಖ, ಹಿಟ್ಟಿನಷ್ಟು ಬಿಳಿ. ಎಡ ಮಣಿಕಟ್ಟು ಊದಿಕೊಂಡಿತ್ತು. ಶಾಲು ಹೊದಿಸಿದೆ. ಮಾತಾಡಲು ಹೋದೆ, ಅವಳೇ ನನ್ನ ಬಾಯಿಯ ಮೇಲೆ ಬೆರಳಿಟ್ಟಳು. ಕಾಡಿನ ಮರೆ ಸೇರುವವರೆಗೂ ನಾವು ಐದು ಜನ ಒಂದೂ ಮಾತಾಡಲಿಲ್ಲ.

ಮಳೆ ಶುರುವಾದಾಗ ಒಂದು ಮರದ ಕೆಳಗೆ ಕುಕ್ಕರಿಸಿದೆವು.

“ಒಂದೇ ಸಲ ಕೂಗಿದೆ,” ಅಂದಳು ಮೆಂಜಾ. ಹಲ್ಲು ಕಟಕಟ ಅನ್ನುತ್ತಿತ್ತು. “ಮೇಲೆ ಮೇಕೆ ಬೆದರಿದ್ವು. ಕಲ್ಲು ಬಂತು. ಹೆಲ್ಮೆಟ್ ಸೀಳಿದ್ದು ಆಗಲೇ. ನಾನು ಕುರುಬನ ಮಗಳು, ಅರ್ಥವಾಯ್ತು. ಆಮೇಲೆ ಗಂಟೆ ತಟ್ಟಿದೆ, ಮೆಲ್ಲಗೆ. ಗಂಟೆಗೆ ಅವು ಬೆದರ್ಲಿಲ್ಲ. ಸೈಕಲ್ ಪೊದೆಗೆ ಸಿಕ್ಕಿಕೊಂಡಿತ್ತು, ನಾನು ಅದನ್ನ ಹಿಡ್ಕೊಂಡಿದ್ದೆ.” ಬೆನ್ನಿನ ಚೀಲ ಮುಟ್ಟಿ ನೋಡಿ, “ಭಯಕ್ಕೆ ಅರ್ಧ ಕೇಕು ತಿಂದ್ಬಿಟ್ಟೆ,” ಅಂದಳು.

ನಕ್ಕವನು ಗುದೆಂಚ್ ಒಬ್ಬನೇ.

“ಮೆಂಜಾ,” ಅಂದೆ, “ನೀನು ಯಾವತ್ತೂ ನನ್ನ ಮಾತು ನಂಬಿದವಳಲ್ಲ. ಇವತ್ಯಾಕೆ ನಂಬಿದೆ?”

“ನಂಬ್ಲಿಲ್ಲ ಕಣೋ. ನೂರು ಸಲ ಅಂದೆಯಲ್ಲ. ನೂರರಿಂದ ಭಾಗಿಸ್ದೆ. ಒಂದು ಸಲನಾದ್ರೂ ದಾಟಿರ್ತಾನೆ ಅಂದ್ಕೊಂಡೆ.”

ಆ ಗುಡುಗಿಗಿಂತ ಜೋರಾಗಿ ಬಡಿದ ಮಾತು ಅದು.

*

ಮೆಂಜಾಳ ಮಣಿಕಟ್ಟು ಆರು ವಾರಕ್ಕೆ ಕೂಡಿತು. ದಂಡದ ಚೀಟಿ ಇಬ್ಬರಿಗೂ ಬಂತು. ಗುದೆಂಚ್ ಸ್ನೇಹ ನೋಡಲಿಲ್ಲ, ನೋಡಬಾರದಿತ್ತು. ಸೈಕಲ್ಲನ್ನು ಬೇಸಿಗೆ ಪೂರ್ತಿ ಕೊರಕಲಿನಲ್ಲೇ ಬಿಟ್ಟೆವು. ಮರಿಗಳು ಗಟ್ಟಿಯಾದ ಮೇಲೆ, ಸೆಪ್ಟೆಂಬರಿನಲ್ಲಿ, ಗುದೆಂಚ್ ನನ್ನನ್ನು ಕರೆದೊಯ್ದ. ಅವನು ಹಗ್ಗ ಹಿಡಿದ, ನಾನು ಬಿಚ್ಚಿದೆ: ಚಕ್ರ, ಬ್ಯಾಟರಿ, ಚೌಕಟ್ಟು. ನಾಲ್ಕು ಸರದಿಯಲ್ಲಿ ಬೆನ್ನ ಮೇಲೆ ಹೊತ್ತು ತಂದೆ. ಎರಡು ಗೇಣು ಅಗಲದ ದಾರಿಯನ್ನು ಆಗ ಅಳೆದು ನೋಡಿದೆ. ಒಂದೂವರೆಯೇ ಇತ್ತು.

ಗೆರೆಯನ್ನು ಮೆಂಜಾ ಸಿಕ್ಕಿದ ರಾತ್ರಿಯೇ ಅಳಿಸಿದ್ದೆ. ನನ್ನ ಫೋನಿನಿಂದ ಅದು ಹೋಯಿತು. ಆದರೆ ಗೆರೆಯ ಸ್ವಭಾವ ಗೊತ್ತಲ್ಲ, ಅದು ಬಾಯಿಮಾತಿನ ಹಾಗೆ. ಹನ್ನೊಂದು ಮಂದಿ ಅದನ್ನು ತಮ್ಮ ಫೋನಿಗೆ ಇಳಿಸಿಕೊಂಡಿದ್ದರು. ಅವರವರ ಅಡ್ಡಹೆಸರುಗಳಿಗೆ ಒಬ್ಬೊಬ್ಬರಿಗೂ ಬರೆದೆ. ‘ಆ ದಾರಿ ಇಲ್ಲ. ನಾನು ಸುಳ್ಳು ಹೇಳಿದ್ದೆ. ದಯವಿಟ್ಟು ಅಳಿಸಿ.’ ಎಂಟು ಮಂದಿ ಅಳಿಸಿದ್ದೇವೆ ಎಂದು ಉತ್ತರ ಕೊಟ್ಟರು. ಅವರಲ್ಲಿ ಒಬ್ಬ ಬೈದಿದ್ದ; ಅವನ ಬೈಗುಳ ನನಗೆ ಸಿಹಿಯಾಗಿತ್ತು.

ಓದುತ್ತಿರುವವರೇ, ಸೈಕಲ್ ಬಿಡಿ ಎಂದು ಹೇಳಲು ಇದನ್ನು ಬರೆದಿಲ್ಲ. ಸೈಕಲ್ಲಿನಿಂದಲೇ ನನ್ನ ಮನೆಯ ಒಲೆ ಉರಿಯುವುದು. ಪಾರ್ಕಿನ ಸುತ್ತಲಿನ ದಾರಿ ಸವಾರರಿಗೆಂದೇ ಇದೆ. ಅದರಲ್ಲಿ ಹೋಗಿ. ಗಂಟೆ ಕಟ್ಟಿಕೊಳ್ಳಿ. ನಡೆಯುವವರು ಕಂಡರೆ ನಿಧಾನಿಸಿ, ಕರುವಿನ ಜೊತೆ ಹಸು ನಿಂತಿದ್ದರೆ ಇಳಿದು, ದೂರದಿಂದ ಬಳಸಿ ತಳ್ಳಿಕೊಂಡು ಹೋಗಿ. ಮಳೆಯ ಸುದ್ದಿ ಕೇಳಿ ಹೊರಡಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಯಾವ ದಾರಿ ಹಿಡಿದಿರೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಗಡಿ ಫಲಕ ಬಂದಲ್ಲಿ ಚಕ್ರ ನಿಲ್ಲಲಿ. ಒಳಗೆ ನೋಡಬೇಕೆಂದರೆ ಸೈಕಲ್ ಹೊರಗೇ ಬೀಗ ಹಾಕಿ, ಬಣ್ಣದ ಕಲ್ಲು ತೋರಿಸುವ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೋಗಿ. ಮತ್ತೆ, ಯಾರೋ ಫೋನಿನಲ್ಲಿ ಎಳೆದ ಗೆರೆಯನ್ನು ದಾರಿ ಎಂದು ನಂಬಬೇಡಿ. ಎಳೆದವನು ನನ್ನಂಥವನಿರಬಹುದು.

ಹನ್ನೊಂದರಲ್ಲಿ ಎಂಟು ಹೋದರೆ ಮೂರು. ಆ ಮೂವರು ಉತ್ತರ ಕೊಟ್ಟಿಲ್ಲ. ಅವರು ಯಾರೋ, ಎಲ್ಲಿಯವರೋ ನನಗೆ ತಿಳಿಯದು. ಬೆಟ್ಟಕ್ಕೆ ಮಂಜು ಇಳಿದ ದಿನವೆಲ್ಲ ನಾನು ಅಂಗಡಿಯ ಬಾಗಿಲಲ್ಲಿ ನಿಂತು ಕಿವಿಗೊಡುತ್ತೇನೆ. ಮೆಂಜಾ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಏನೂ ಕೇಳಿಸದಿದ್ದರೆ ಒಳಗೆ ಹೋಗುತ್ತೇವೆ.

ಆ ಮೂವರಲ್ಲಿ ಒಬ್ಬರು ನೀವಾಗಿದ್ದರೆ, ಈ ಕಾಗದ ಕೆಳಗಿಡಿ. ಫೋನ್ ತೆಗೆಯಿರಿ. ಈಗಲೇ ಅಳಿಸಿ.